ಮೂರು ದಾಳದ ಮೇಡಂ

ಮೇಡಂ ಅವರ ಗದ್ದದ ಕೆಳಗೆ, ಹೆಲ್ಮೆಟ್ಟಿನ ಪಟ್ಟಿ ಕೂರುವ ಜಾಗದಲ್ಲಿ, ಬಿಳುಪಾದ ಒಂದು ಗೆರೆಯಿತ್ತು. ಉಳಿದ ಮುಖವೆಲ್ಲ ಬಿಸಿಲಿಗೆ ಕಂದಿ ತಾಮ್ರದ ಬಣ್ಣಕ್ಕೆ ತಿರುಗಿತ್ತು. ವಡೋದರಾದ ಕನ್ನಡ ಸಂಘದ ಊಟದ ಸಾಲಿನಲ್ಲಿ ಅವರು ನನ್ನ ಪಕ್ಕ ಕೂತಿದ್ದರು. ಬಾಗಲಕೋಟೆ ಕಡೆಯವರು, ಕೊಯಾಲಿಯ ತೈಲ ರಿಫೈನರಿಯಲ್ಲಿ ಸುರಕ್ಷತಾ ಎಂಜಿನಿಯರ್. ಅಷ್ಟು ಹೇಳಿ ನನ್ನ ಹೆಸರು ಕೇಳಿದರು.

ನನ್ನ ಹೆಸರೇ ನನಗೆ ಕಷ್ಟದ ಪದ. ಚಿಕ್ಕಂದಿನಿಂದ ಉಗ್ಗು. ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡೆ. ಇಂಥ ಹೊತ್ತಿನಲ್ಲಿ ಜನ ತಲೆ ತಗ್ಗಿಸಿ ಎಲೆ ನೋಡುತ್ತಾರೆ, ಇಲ್ಲವೇ ಊಹಿಸಿ ತಾವೇ ಒಂದು ಹೆಸರು ಹೇಳಿಕೊಡುತ್ತಾರೆ. ಮೇಡಂ ಎರಡೂ ಮಾಡಲಿಲ್ಲ. ಹೆಸರು ಪೂರ್ತಿ ಹೊರಬಂದ ಮೇಲೆ, "ಐತವಾರ ಮಧ್ಯಾಹ್ನ ಖಾಲಿ ಇರ್ತೀಯೇನು? ನಮ್ಮನಿಗೆ ಬಾ. ಒಂದು ಆಟ ಐತಿ" ಎಂದರು.

ನಾನು ಆಗಷ್ಟೇ ತುಮಕೂರಿನಿಂದ ಬಂದು ಔಷಧ ಕಂಪನಿಯೊಂದರ ಪ್ರಯೋಗಾಲಯಕ್ಕೆ ಸೇರಿದ್ದೆ. ಮಾತು ಕಡಿಮೆ ಬೇಕಾಗುವ ಕೆಲಸವೆಂದೇ ಆರಿಸಿಕೊಂಡದ್ದು. ಬಾಡಿಗೆ ಫ್ಲ್ಯಾಟಿನಲ್ಲಿ ಭಾನುವಾರಗಳು ಮುಗಿಯುತ್ತಲೇ ಇರಲಿಲ್ಲ. ಹೋದೆ.

ರಿಫೈನರಿ ಟೌನ್‌ಶಿಪ್ಪಿನ ಅವರ ಮನೆಯ ಊಟದ ಮೇಜಿನ ಸುತ್ತ ಇನ್ನಿಬ್ಬರಿದ್ದರು: ಉಡುಪಿ ಕಡೆಯ ಬ್ಯಾಂಕ್ ಅಧಿಕಾರಿ, ಮತ್ತು ವಡೋದರಾದಲ್ಲೇ ಹುಟ್ಟಿ ಬೆಳೆದ ಕಾಲೇಜು ಹುಡುಗಿ. ಆಟ ಹೀಗೆ: ಮೇಡಂ ಒಂದು ಕಥೆ ನಡೆಸುತ್ತಾರೆ, ಉಳಿದವರು ಆ ಕಥೆಯೊಳಗಿನ ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಅಲೆಯುತ್ತಾರೆ, ಹೋರಾಡುತ್ತಾರೆ. ಶುರುವಾಗುವ ಮೊದಲು ಪ್ರತಿ ಪಾತ್ರಕ್ಕೂ ಆರು ಗುಣಗಳ ಅಂಕ ಗೊತ್ತುಮಾಡಬೇಕು. ಇಂಗ್ಲಿಷಿನಲ್ಲಿದ್ದ ಆ ಆರಕ್ಕೂ ಮೇಡಂ ಕನ್ನಡದ ಹೆಸರಿಟ್ಟಿದ್ದರು. ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು.

"ಬುದ್ಧಿ, ವಿವೇಕ ಸೇಮ್ ಅಲ್ವಾ ಆಂಟಿ?" ಎಂದು ಹುಡುಗಿ ಕೇಳಿದಳು.

"ಪೈಪು ಎಷ್ಟು ಒತ್ತಡ ತಡಿತೈತಿ ಅಂತ ಲೆಕ್ಕ ಹಾಕೂದು ಬುದ್ಧಿ. ಅದರ ಮುಂದ ನಿಂತು ಫೋಟೊ ತಗೋಬಾರ್ದು ಅನ್ನೂದು ವಿವೇಕ."

ಅಂಕ ಗೊತ್ತುಮಾಡುವ ಬಗೆಯ ಮೇಲೆ ಆ ಮೇಜಿನಲ್ಲಿ ಪ್ರತಿ ಹೊಸ ಕಥೆಗೂ ಜಗಳ. ಬ್ಯಾಂಕಿನವರದು ಒಂದೇ ವಾದ: "ಎಲ್ಲರಿಗೂ ಸಮ ಅಂಕ ಕೊಡಿ ಮೇಡಂ. ಅವರವರಿಗೆ ಬೇಕಾದಲ್ಲಿ ಹಂಚಿಕೊಳ್ಳಲಿ. ಅದು ನ್ಯಾಯ." ನಾಲ್ಕು ದಾಳ ಎಸೆದು ಸಣ್ಣದನ್ನು ಬಿಡಬೇಕೆಂದು ಹುಡುಗಿಯ ವಾದ: "ಚಾರ್ ದಾಳ ಹಾಕಿ, ಸಣ್ಣದು ಛೋಡ್ ದೋ ನೇ!" ಮೇಡಂ ಜಗ್ಗುತ್ತಿರಲಿಲ್ಲ. ಮೂರೇ ದಾಳ. ಮೊದಲ ಎಸೆತದಲ್ಲಿ ಮೂರೂ ಸೇರಿ ಬಿದ್ದದ್ದು ಬಲಕ್ಕೆ, ಎರಡನೆಯದರದು ಚುರುಕಿಗೆ, ಹೀಗೆ ಸಾಲಾಗಿ. ಅದಲುಬದಲಿಲ್ಲ.

"ನಿಮಗ ಬೇಕಾದವ್ರನ್ನ ನೀವ ಮಾಡ್ಕೊಂಡ್ರ, ದಿನಾ ಕನ್ನಡ್ಯಾಗ ನೋಡೂ ಮಾರೀನ ಮತ್ತ ನೋಡಿದಂಗ. ಗೊತ್ತಿಲ್ಲದ ಮಂದಿ ಬರ್ಲಿ ಮನಿಗೆ" ಎನ್ನುತ್ತಿದ್ದರು. ವಾರವೆಲ್ಲ ಅದೃಷ್ಟವನ್ನು ಕಾರ್ಖಾನೆಯ ಗೇಟಿನ ಹೊರಗೆ ತಡೆಯುವುದೇ ಅವರ ಕೆಲಸ. ಭಾನುವಾರ ಮಾತ್ರ ಅದಕ್ಕೆ ಕುರ್ಚಿ ಹಾಕಿ, ಆ ಊರಿನ ತಿಂಡಿ ಸೇವ್ ಉಸಳ್ ಬಡಿಸುತ್ತಿದ್ದರು.

ನನ್ನ ಸರದಿ ಬಂತು. ಬಲ ಅಷ್ಟಕ್ಕಷ್ಟೆ, ಚುರುಕು ಇನ್ನೂ ಕಡಿಮೆ. ಕೊನೆಗೆ ವರ್ಚಸ್ಸಿಗೆ ಎಸೆದಾಗ ಎರಡು ಆರು, ಒಂದು ಐದು: ಹದಿನೆಂಟಕ್ಕೆ ಹದಿನೇಳು. ಜನರನ್ನು ಮಾತಿನಲ್ಲಿ ಗೆಲ್ಲುವ ಗುಣ ಅದು. ತಡವರಿಸುತ್ತಲೇ, ಅದನ್ನು ಬಲಕ್ಕೆ ಹಾಕಿಕೊಳ್ಳುತ್ತೇನೆ, ಸುಮ್ಮನೆ ಕತ್ತಿ ಹಿಡಿದು ನಿಲ್ಲುತ್ತೇನೆ ಎಂದೆ.

"ಸಾಲು ಬದಲಿಸೂದಿಲ್ಲ. ಈಕಿ ಮಾತಿನಾಕಿ. ನಿನಗಿನ್ನ ಪರಿಚಯ ಇಲ್ಲ, ಅಷ್ಟ."

ಕೆಲವು ವಾರ ನಾನು ತಲೆಯಾಡಿಸಿಯೇ ಕಾಲ ಕಳೆದೆ. ಆಮೇಲೊಂದು ಭಾನುವಾರ ಕಥೆಯಲ್ಲಿ ಸೇತುವೆಯೊಂದು ಎದುರಾಯಿತು. ಹಿಂದೆಂದೋ ಒಬ್ಬ ರಾಜ ಅದರ ಕಾವಲಿಗೆ ನಿಲ್ಲಿಸಿದ್ದ ರಾಕ್ಷಸ ಯಾರನ್ನೂ ದಾಟಲು ಬಿಡುತ್ತಿರಲಿಲ್ಲ. ಕಾದಿದರೆ ಎಲ್ಲರೂ ಸಾಯುವುದು ಖಂಡಿತ. ಮೂವರೂ ನನ್ನ ಕಡೆ ತಿರುಗಿದರು.

ನಾನು ಬಾಯಿ ತೆರೆದೆ. ಮೊದಲ ಪದ ಗಂಟಲಲ್ಲೇ ನಿಂತಿತು. ಬ್ಯಾಂಕಿನವರು ಪಾಪ, ಸಹಾಯಕ್ಕೆಂದು, "ದಾರಿ ಬಿಡು ಅಂತ ಹೇಳ್ತಿದ್ದಾಳೆ" ಎಂದರು.

"ಆಕಿ ಮಾತು ಆಕೀನ ಮುಗಸ್ತಾಳ," ಎಂದರು ಮೇಡಂ. "ಈ ರಾಕ್ಷಸಗ ಅವಸರ ಇಲ್ಲ."

ನಾನು ಹೇಳಬೇಕೆಂದಿದ್ದುದು ದಾರಿ ಬಿಡು ಎಂದಲ್ಲ. ಎಡವಿ, ಎದ್ದು, ಅಂತೂ ಹೇಳಿದೆ: "ನೀನು ಯಾರಿಗೋಸ್ಕರ ಕಾಯ್ತಿದೀಯ? ನಿನ್ನ ಇಲ್ಲಿ ನಿಲ್ಲಿಸಿದ ರಾಜ ಸತ್ತು ಎಷ್ಟೋ ಕಾಲ ಆಯ್ತು. ನಿಂಗೆ ಯಾರೂ ಹೇಳ್ಲೇ ಇಲ್ವಾ?"

ಹುಡುಗಿ ದಾಳವನ್ನು ನನ್ನ ಕಡೆ ತಳ್ಳಿದಳು. ಮಾತು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಎಸೆದೇ ತಿಳಿಯಬೇಕು. ಮೇಡಂ ಅದರ ಮೇಲೆ ಕೈಯಿಟ್ಟರು. "ದಾಳ ಬ್ಯಾಡ," ಎಂದರು. "ರಾಕ್ಷಸ ಅಳಾಕ ಹತ್ಯಾನ."

ಉಗ್ಗು ಹೋಗಲಿಲ್ಲ, ಈಗಲೂ ಇದೆ. ಆದರೆ ಅದನ್ನು ಮುಂದಿಟ್ಟುಕೊಂಡೇ ಮಾತಾಡಬಹುದೆಂದು ಅಂದು ತಿಳಿಯಿತು. ಸೂರತ್ತಿನ ಪಾಂಡೇಸರಾದಲ್ಲಿ, ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನಲ್ಲಿ ಪ್ರಯೋಗಾಲಯ ನಡೆಸುವ ಕೆಲಸದ ಸಂದರ್ಶನಕ್ಕೆ ಹೋದಾಗ, "ನನ್ನ ಮಾತು ನಿಧಾನ, ಕಾಯಬೇಕು" ಎಂದು ಮೊದಲೇ ಹೇಳಿದೆ. ಕಾದರು, ಕೆಲಸ ಕೊಟ್ಟರು. ಈಗ ದಿನವಿಡೀ ಮಿಲ್ಲಿನ ಮೇಸ್ತ್ರಿಗಳ ಜೊತೆ ಹಿಂದಿಯಲ್ಲಿ ವಾದ ಮಾಡುವುದೇ ನನ್ನ ಉದ್ಯೋಗ.

ಸೂರತ್ತಿನಲ್ಲಿ ನಾನೂ ಒಂದು ಮೇಜು ಹಾಕಿದೆ. ಕಥೆ ನಡೆಸುವವಳೂ ನಾನೇ. ನನ್ನಲ್ಲಿ ನಾಲ್ಕು ದಾಳ, ಸಣ್ಣದನ್ನು ಬಿಟ್ಟು, ಬೇಕಾದ ಗುಣಕ್ಕೆ ಹಾಕಿಕೊಳ್ಳುವ ಸ್ವಾತಂತ್ರ್ಯ. ಫೋನಿನಲ್ಲಿ ಇದನ್ನು ಕೇಳಿ ಮೇಡಂ, "ಮಂದೀನ ಮುದ್ದು ಮಾಡಿ ಕೆಡಸ್ತೀ" ಎಂದು ಬೈದರು. ಮೊದಲು ಜನ ಬಂದು ಕೂರಲಿ, ಹೆದರಿ ಓಡುವುದು ಬೇಡ ಎಂದು ನಾನೂ ಬಿಡದೆ ವಾದಿಸಿದೆ. ಅವರು ಒಪ್ಪಲಿಲ್ಲ, ನಾನೂ ಬದಲಾಯಿಸಲಿಲ್ಲ. ಅಷ್ಟು ಹೊತ್ತು ಯಾರೊಂದಿಗೂ ನಾನು ಫೋನಿನಲ್ಲಿ ಮಾತಾಡಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಅವರಿಗೆ ಯಕೃತ್ತಿನ ಕಾಯಿಲೆ ಉಲ್ಬಣಿಸಿತು. ವಡೋದರಾದ ಆಸ್ಪತ್ರೆಗೆ ಹೋದಾಗ ಅವರ ಯಜಮಾನರು, "ಮಾತಾಡಿಸಬ್ಯಾಡ, ದಣೀತಾಳ. ನೀನ ಏನರ ಹೇಳು" ಎಂದರು. ಮಂಚದ ಪಕ್ಕ ಕೂತು ಸೂರತ್ತಿನ ಮೇಜಿನಲ್ಲಿ ನಡೆಯುತ್ತಿದ್ದ ಕಥೆಯನ್ನು ಹೇಳತೊಡಗಿದೆ: ಸಮುದ್ರದೊಳಗಿನ ಊರು, ಬಾಗಿಲಿಲ್ಲದ ಕೋಟೆ, ಅದರೊಳಗೆ ಸಿಕ್ಕಿಕೊಂಡ ನಮ್ಮ ಮಂದಿ. ಎಷ್ಟೋ ಕಡೆ ತಡವರಿಸಿದೆ. ಕಿಟಕಿಯ ಬಿಸಿಲು ಮಂಚದಿಂದ ಗೋಡೆಗೆ ಸರಿಯಿತು. ಕಣ್ಣು ಮುಚ್ಚಿದ್ದ ಅವರು ನಿದ್ದೆ ಹೋದರೆಂದುಕೊಂಡು ನಿಲ್ಲಿಸಿದೆ.

ಮೇಡಂ ಕಣ್ಣು ತೆರೆಯದೆಯೇ, "ಮುಂದ?" ಎಂದರು.

ಮುಂದಿನದು ನನಗೂ ಗೊತ್ತಿರಲಿಲ್ಲ. ಆದರೂ ಹೇಳಿದೆ. ಕೋಟೆಯಿಂದ ಎಲ್ಲರನ್ನೂ ಹೊರಗೆ ತಂದೆ. ಮರುದಿನ ಬೆಳಿಗ್ಗೆ ಮೇಡಂ ತೀರಿಹೋದರು.