ಗೆಜೆಟೆಡ್ ಹಸು

ದೇವರ ಮುಂದೆ ಅಷ್ಟು ಸುಲಭವಾಗಿ ಬಗ್ಗದ ನನ್ನ ತಲೆ, ಸರ್ಕಾರದ ದುಂಡು ಮೊಹರು ಕಂಡರೆ ತಾನಾಗಿ ಬಗ್ಗುತ್ತದೆ. ಇದಕ್ಕೆ ಕಾರಣ ಒಂದು ಹಸು.

ಅರವತ್ತರ ದಶಕದ ನಡುವಿನ ಮಾತು. ಬೆಂಗಳೂರಿನ ಜಯನಗರದ ನಮ್ಮ ಮನೆಯಿಂದ ಸೈಕಲ್ ತುಳಿದುಕೊಂಡು ಹೋಗಿ ಬಿ.ಎ.ಯಲ್ಲಿ ಚಿತ್ರಕಲೆ ಓದುತ್ತಿದ್ದೆ. ಒಂದು ವರ್ಷ ಮುಗಿಯುವಷ್ಟರಲ್ಲಿ ಈ ಊರಿನಲ್ಲಿ ನಾನು ಕಲಿಯುವುದೇನೂ ಉಳಿದಿಲ್ಲ ಎಂದು ಖಾತ್ರಿಯಾಯಿತು. ಹತ್ತೊಂಬತ್ತರ ವಯಸ್ಸಿನಲ್ಲಿ ಇಂಥ ಖಾತ್ರಿಗಳು ಮೊಡವೆಯ ಹಾಗೆ ಏಳುತ್ತವೆ. ಉತ್ತರದ ಒಂದು ವಿಶ್ವವಿದ್ಯಾಲಯಕ್ಕೆ ಸೇರಿಸಿಕೊಳ್ಳಿ ಎಂದು ಬರೆದೆ. ಅಂಕಪಟ್ಟಿಯ ದೃಢೀಕೃತ ನಕಲನ್ನೂ ಹನ್ನೆರಡು ಚಿತ್ರಗಳನ್ನೂ ಕಳಿಸು, ಚಿತ್ರ ಒಪ್ಪಿಗೆಯಾದರೆ ಎರಡನೆಯ ವರ್ಷಕ್ಕೆ, ಇಲ್ಲವಾದರೆ ಮತ್ತೆ ಮೊದಲ ವರ್ಷಕ್ಕೆ ಎಂದು ಅವರು ಉತ್ತರಿಸಿದರು. ಅಪ್ಪನ ನಿವೃತ್ತಿಗೆ ಉಳಿದಿದ್ದುದು ಎರಡೇ ವರ್ಷ. ಮತ್ತೆ ಮೊದಲ ವರ್ಷ ಎಂದರೆ ನಾನು ಹೋಗುವಂತೆಯೇ ಇರಲಿಲ್ಲ.

ಅಪ್ಪ ಸರ್ಕಾರಿ ಗುಮಾಸ್ತರು. ಚಿತ್ರಕಲೆ ಅವರಿಗೆ ಅರ್ಥವಾಗುತ್ತಿರಲಿಲ್ಲ, ಮೊಹರು ಅರ್ಥವಾಗುತ್ತಿತ್ತು. ನಾನು ಸ್ನಾನಕ್ಕೆ ಹೋಗಿದ್ದಾಗ ಅಂಕಪಟ್ಟಿಯ ಜೊತೆಗೆ ಹನ್ನೆರಡು ಚಿತ್ರಗಳನ್ನೂ ಸುರುಳಿ ಸುತ್ತಿ, ಹಿಂದಿನ ರಸ್ತೆಯ ಪಶುವೈದ್ಯ ಶಾಮಣ್ಣನವರ ಮನೆಗೆ ಹೊರಟುಬಿಟ್ಟರು. ನಮಗೆ ಗೊತ್ತಿದ್ದ ಗೆಜೆಟೆಡ್ ಅಧಿಕಾರಿ ಅವರೊಬ್ಬರೇ.

ಒದ್ದೆ ತಲೆಯಲ್ಲೇ ನಾನು ಓಡಿ ಹೋಗುವಷ್ಟರಲ್ಲಿ ಹೂದಾನಿ, ಬಾಳೆಗೊನೆ, ನಮ್ಮಜ್ಜಿ ಎಲ್ಲರ ಮೇಲೂ ನೇರಳೆ ಮೊಹರು ಬಿದ್ದು, ಹಸಿರು ಶಾಯಿಯ ಸಹಿ ಒಣಗುತ್ತಿತ್ತು. ಹನ್ನೆರಡನೆಯದು ನನ್ನ ಹೆಮ್ಮೆಯ ಹಸು. ಶಾಮಣ್ಣನವರು ಅದನ್ನು ನೋಡಿ ಪೆನ್ನು ಕೆಳಗಿಟ್ಟಿದ್ದರು.

"ಏನಪ್ಪಾ, ಈ ಹಸು ಕುರ್ಚಿ ಮೇಲೆ ಕೂತ್ಕೊಳ್ಳುತ್ತಾ? ಹಿಂಗಾಲು ನಮ್ಮ ಕಾಲಿನ ಹಾಗೆ ಮಡಚಿದೀಯಲ್ಲ! ಇದಕ್ಕೆ ನಾನು ಸೈನ್ ಹಾಕಕ್ಕಾಗಲ್ಲ."

"ಅದು ಕಲೆ, ಸಾರ್."

"ಕಲೆ ನಿಂದು. ಕಾಲು ನಮ್ಮ ಇಲಾಖೇದು."

ಅಪ್ಪನ ಮುಖ ಬಾಡಿತು. "ಇದೊಂದು ಬಿಟ್ಹೋದ್ರೆ ಫೈಲು ಇನ್‌ಕಂಪ್ಲೀಟ್ ಆಗುತ್ತೆ ಸಾರ್" ಎಂದರು.

ಮನೆಗೆ ಮರಳುವ ದಾರಿಯುದ್ದಕ್ಕೂ ಅಪ್ಪನ ಮೇಲೆ ಕೂಗಾಡಿದೆ. "ಚಿತ್ರಕ್ಕೆ ಯಾರಾದ್ರೂ ಸೀಲ್ ಹಾಕಿಸ್ತಾರಾ? ನನ್ನ ಭವಿಷ್ಯ ಹಾಳ್ಮಾಡಿದ್ರಿ!" ಎಂದೆ. ಅವರು ಸುರುಳಿಯನ್ನು ಮಗುವಿನಂತೆ ಎತ್ತಿಕೊಂಡು ನಡೆದರು.

ಮರುದಿನ ಬೆಳಿಗ್ಗೆ ಶಾಮಣ್ಣನವರು ನನ್ನನ್ನು ಜರಗನಹಳ್ಳಿಗೆ, ಹಾಲು ಮಾರುವ ಮುನಿಯಮ್ಮನ ಕೊಟ್ಟಿಗೆಗೆ ಕರೆದೊಯ್ದರು. ಮೂರು ಗಂಟೆ ಕೂರಿಸಿ, ಹಸುವಿನ ಒಂದೊಂದು ಮೂಳೆಯನ್ನೂ ಬೆರಳಿನಿಂದ ಒತ್ತಿ ತೋರಿಸಿದರು. "ಹಂಗೆ ದುರುಗುಟ್ಕೊಂಡು ನೋಡ್‌ಬ್ಯಾಡ ಕಣಪ್ಪ, ದೃಷ್ಟಿಯಾಗಿ ಹಾಲು ಕಮ್ಮಿಯಾಯ್ತದೆ" ಎಂದು ಮುನಿಯಮ್ಮ ಗೊಣಗುತ್ತಲೇ ಇದ್ದಳು. ಆಕೆಯ ಭಯ ನಿಜವೇ. ಅಷ್ಟು ವರ್ಷ ನಾನು ಕ್ಯಾಲೆಂಡರಿನ ಹಸುವನ್ನು ಕಂಡಿದ್ದೆನೇ ಹೊರತು ಹಸುವನ್ನು ನೋಡಿದ್ದು ಅವತ್ತೇ ಮೊದಲು.

ಅಲ್ಲೇ ಕೂತು ಬರೆದ ಹೊಸ ಹಸುವಿಗೆ ಮೊಹರು ಬಿತ್ತು. ಮೊಹರಿಲ್ಲದ ಬೇರೆ ಚಿತ್ರ ಬರೆಯಲು ಸಮಯವಿಲ್ಲದೆ, ನಾಚಿಕೆಯಿಂದಲೇ ಹನ್ನೆರಡನ್ನೂ ಅಂಚೆಗೆ ಹಾಕಿದೆ. ಎರಡನೆಯ ವರ್ಷಕ್ಕೇ ಸೀಟು ಸಿಕ್ಕಿತು.

ಅಲ್ಲಿಗೆ ಹೋದ ಮೊದಲ ದಿನ ಪ್ರೊಫೆಸರರು ಹಸುವಿನ ಚಿತ್ರ ಹೊರತೆಗೆದರು. ಉಳಿದ ಹನ್ನೊಂದು ಯಾರು ಬೇಕಾದರೂ ಬರೆಯುವಂಥವು, ನಿನ್ನನ್ನು ಸೇರಿಸಿಕೊಂಡದ್ದು ಇದಕ್ಕಾಗಿ, ಇದನ್ನು ಕಲಿಸಿದವರು ಯಾರು ಎಂದು ಕೇಳಿದರು. ನಾನು ಮೂಲೆಯ ಮೊಹರನ್ನು ತೋರಿಸಿದೆ. ಬೆಂಗಳೂರಿನಲ್ಲಿ ಕಲಿಯುವುದೇನಿಲ್ಲ ಎಂದು ಎರಡು ದಿನ ರೈಲಿನಲ್ಲಿ ಕೂತು ಹೋದವನ ಕೈ ಹಿಡಿದದ್ದು, ಮನೆಯಿಂದ ಸೈಕಲ್ ತುಳಿಯುವಷ್ಟು ದೂರದ ಕೊಟ್ಟಿಗೆ.

ಅವತ್ತೇ ಅಪ್ಪನಿಗೆ ನಾಲ್ಕು ಪುಟದ ಪತ್ರ ಬರೆದೆ. ಕೂಗಾಡಿದ್ದಕ್ಕೆ ಕ್ಷಮೆ ಕೇಳಿದೆ, ಬರೆಯುವಾಗ ಕಣ್ಣೀರೂ ಹಾಕಿದೆ. ವಾರ ಕಳೆದು ಅವರ ಕಾರ್ಡು ಬಂತು: "ಪತ್ರ ತಲುಪಿತು. ರಜೆಗೆ ಬರುವಾಗ ಹಸುವನ್ನು ವಾಪಸ್ಸು ತರತಕ್ಕದ್ದು. ಒರಿಜಿನಲ್ ಯಾವಾಗಲೂ ಮನೆಯಲ್ಲಿರಬೇಕು."