ಬಂದೂಕಿಲ್ಲದ ಗಾಡಿ

ದೋಹಾದ ಬಿನ್ ಒಮ್ರಾನಿನ ನಮ್ಮ ಹಳೆಯ ಕಟ್ಟಡದಲ್ಲಿ ಹೊರದೇಶಕ್ಕೆ ಮಾತಾಡಬಹುದಾದ ಫೋನ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ನಾನು ಕೆಲಸಕ್ಕಿದ್ದ ಸ್ಪೇರ್ ಪಾರ್ಟ್ಸ್ ಅಂಗಡಿಯ ಧಣಿ, ನಮ್ಮ ಅರಬಾಬ್, ಹಾಕಿಸಿಕೊಟ್ಟದ್ದು. ದುಬೈಗೆ ಆರ್ಡರ್ ಹೇಳಲಿಕ್ಕೆಂದು ಬಂದ ಆ ಫೋನಿನಲ್ಲಿ ಅರ್ಧ ಕಟ್ಟಡವೇ ತನ್ನ ಊರಿನೊಂದಿಗೆ ಮಾತಾಡುತ್ತಿತ್ತು. ಬೇಡ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಬಂದವರು ಹೋದ ಮೇಲೆ ಹೆಂಡತಿಯ ಮುಂದೆ ಹಾರಾಡುತ್ತಿದ್ದೆ. "ಎದುರಿಗೆ ಹೇಳ್ಲಿಕ್ಕೆ ಆಗದವರು ಹಿಂದಿನಿಂದ ಬೊಬ್ಬೆ ಹಾಕ್ಬಾರ್ದು ಮಾರಾಯ್ರೆ," ಎಂದು ಅವಳು ಚಹಾಕ್ಕೆ ನೀರಿಡುತ್ತಿದ್ದಳು.

ಎಲ್ಲರಿಗಿಂತ ಹೆಚ್ಚು ಬರುತ್ತಿದ್ದವನು ಎದುರು ಮನೆಯ ಸೊಮಾಲಿ. ಸರ್ಕಾರಿ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ನಮ್ಮ ಅಂಗಡಿಗೆ ಗೇರ್ ಬಾಕ್ಸ್ ಕೊಳ್ಳಲು ಬಂದು, ನನ್ನೊಡನೆ ಜಗಳಾಡಿ, ಆ ಜಗಳದಿಂದಲೇ ಗೆಳೆಯನಾದವನು. ಅವನ ದೇಶದಲ್ಲಿ ಆಗ ಸರ್ಕಾರ ಎಂಬುದೇ ಬಿದ್ದುಹೋಗಿತ್ತು. ಒಂದೊಂದು ರಸ್ತೆ ಒಂದೊಂದು ಕುಲದವರ ಕೈಯಲ್ಲಿತ್ತು. ಅವನ ತಾಯಿಯೂ ಮದುವೆಯಾಗದ ತಂಗಿಯೂ ಒಳನಾಡಿನ ಒಂದು ಪೇಟೆಯಲ್ಲಿ ಸಿಕ್ಕಿಬಿದ್ದಿದ್ದರು. ಹೇಗಾದರೂ ಬಂದರು ಸೇರಿದರೆ ಹಡಗು ಹತ್ತಬಹುದಿತ್ತು, ಅಲ್ಲಿಂದ ದೋಹಾ ದೊಡ್ಡ ಮಾತಲ್ಲ. ಆದರೆ ದಾರಿಯ ಮೊದಲರ್ಧ ಅವನ ಕುಲದವರದು, ಉಳಿದರ್ಧ ಶತ್ರು ಕುಲದವರದು. ತಮ್ಮಂದಿರಿಬ್ಬರು ಮಾತ್ರ ಅಂಗಡಿ ಬಿಟ್ಟು ಬರುವುದಿಲ್ಲ ಎಂದು ಊರಲ್ಲೇ ಉಳಿಯುವವರಿದ್ದರು. ತಾಯಿಗಾಗಿ ಅವನು ಎದುರು ಮನೆಯ ಒಳಕೋಣೆಗೆ ಹೊಸ ಹಾಸಿಗೆ ತಂದು, ಅದರ ಪ್ಲಾಸ್ಟಿಕ್ ಕೂಡ ಬಿಚ್ಚದೆ ಇಟ್ಟಿದ್ದ.

ಅವನ ಕುಲದ ಹಿರಿಯರು ದೋಹಾದಲ್ಲೂ ಇದ್ದರು. ಶುಕ್ರವಾರ ಯಾರದಾದರೂ ಮನೆಯ ಮಜ್ಲಿಸ್ ಕೋಣೆಯಲ್ಲಿ ಸೇರುತ್ತಿದ್ದರು. "ನಮ್ಮ ಹುಡುಗರ ಗಾಡಿ ಉಂಟು, ಮೇಲೆ ಮಷಿನ್ ಗನ್ ಉಂಟು, ದಾರಿ ಬಿಡಿಸಿಕೊಂಡು ಹೋಗುತ್ತಾರೆ," ಎಂದು ಅವರು ಅವನಿಗೆ ಹೇಳಿದ್ದರು. ಅವನಿಗೆ ಮನಸ್ಸಾಗಲಿಲ್ಲ. ಬಂದೂಕಿನ ಗಾಡಿಗೆ ಎದುರಿನಿಂದಲೂ ಬಂದೂಕೇ ಉತ್ತರ ಕೊಡುತ್ತದೆ, ನಡುವೆ ಕೂತ ಮುದುಕಿಯನ್ನು ಯಾರು ನೋಡುತ್ತಾರೆ ಎಂದ.

"ಎಂತ ಜನವಪ್ಪ ಇದು! ಒಂದೇ ದೀನು, ಒಂದೇ ಭಾಷೆ, ಆದರೂ ಕುಲ ಕುಲ ಅಂತ ಸಾಯ್ತಾರೆ," ಎಂದು ನಾನು ಆ ದಿನ ಊಟಕ್ಕೆ ಕೂತು ಭಾಷಣ ಬಿಗಿದೆ. ಹೆಂಡತಿ ಮೀನಿನ ಸಾರು ಬಡಿಸುತ್ತಾ, "ನಿಮ್ಮೂರಲ್ಲಿ ಕೂಗಳತೆಯಲ್ಲಿ ಎರಡು ಪಳ್ಳಿ ಯಾಕೆ ಉಂಟು? ಒಂದು ಮನೆತನದವರು ಇಟ್ಟ ಉಸ್ತಾದರ ಹಿಂದೆ ಇನ್ನೊಂದು ಮನೆತನ ನಮಾಝಿಗೆ ನಿಲ್ಲುವುದಿಲ್ಲ ಅಂತ ಅಲ್ವಾ?" ಎಂದಳು. ನಾನು ಮುಳ್ಳು ತೆಗೆಯುವುದರಲ್ಲಿ ಮಗ್ನನಾದೆ.

ನಮ್ಮ ಬೀದಿಯ ಕೊನೆಯಲ್ಲಿದ್ದ ಸಣ್ಣ ಮಸೀದಿಯ ಇಮಾಮರೂ ಸೊಮಾಲಿಯೇ. ಎಲ್ಲರೂ ಶೇಖ್ ಎಂದೇ ಕರೆಯುತ್ತಿದ್ದರು. ಹುಟ್ಟಿನಿಂದ ಅವರು ಆ ಶತ್ರು ಕುಲದವರು, ಆದರೆ ಅದನ್ನು ಅವರ ಬಾಯಲ್ಲಿ ಕೇಳಿದವರಿಲ್ಲ. ತಮ್ಮ ಕುಲದ ಸಭೆಗೆ ಕರೆದರೂ ಹೋಗುತ್ತಿರಲಿಲ್ಲ. ಅವರ ಹಿಂದೆ ಎರಡೂ ಕುಲದವರು ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತಿದ್ದರು, ನಡುನಡುವೆ ನಮ್ಮಂಥ ಬ್ಯಾರಿಗಳು, ಮಲಯಾಳಿಗಳು, ಬಂಗಾಳಿಗಳು. ಹೊರಗೆ ಬಂದ ಮೇಲೆ ಆ ಸೊಮಾಲಿಗಳು ಒಬ್ಬರಿಗೊಬ್ಬರು ಸಲಾಂ ಹೇಳದೆ ಚಪ್ಪಲಿ ಹಾಕಿಕೊಂಡು ಹೋಗುವುದನ್ನೂ ನೋಡಿದ್ದೇನೆ.

ಮೆಕ್ಯಾನಿಕ್ ಈ ಶೇಖ್ ಬಳಿ ಹೋಗಿ ಅತ್ತುಕೊಂಡ. ಅವರ ನಾಡಿನಲ್ಲಿ ಒಂದು ಹಳೆಯ ಕಟ್ಟಳೆಯಿತ್ತಂತೆ: ಎಂಥ ಯುದ್ಧವಾದರೂ ಹೆಂಗಸರು, ಮಕ್ಕಳು, ಮುದುಕರು, ಅತಿಥಿಗಳು, ಕುರ್‌ಆನ್ ಓದಿಸುವವರು, ಇವರಿಗೆ ಈಟಿ ತಾಗಬಾರದು. ಶೇಖರ ಕುಲದವರೇ ಆದ ಒಬ್ಬ ಹಳೆಯ ಶಿಷ್ಯರು ಬಂದರಿನ ಕಡೆ ಮದ್ರಸ ನಡೆಸುತ್ತಿದ್ದರು. ಅವರೇ ಮದ್ರಸದ ಪಿಕಪ್ ತೆಗೆದುಕೊಂಡು ಮೆಕ್ಯಾನಿಕ್‌ನ ಕುಲದವರ ಸೀಮೆಯೊಳಗೆ ಹೋಗಿ ತಾಯಿ ಮಗಳನ್ನು ಕರೆತರಲಿ ಎಂದು ಶೇಖ್ ತೀರ್ಮಾನಿಸಿದರು. ಷರತ್ತು ಒಂದೇ, ಗಾಡಿಯಲ್ಲಿ ಒಂದು ಚಾಕು ಕೂಡ ಇರಬಾರದು.

ಆ ಮಾತುಕತೆ ನಡೆದದ್ದು ನಮ್ಮ ಚಾವಡಿಯಲ್ಲಿ. ನೈರೋಬಿಯಲ್ಲಿ ಒಬ್ಬಾತ ಫೋನಿಗೆ ವೈರ್‌ಲೆಸ್ ಸೆಟ್ಟನ್ನು ಜೋಡಿಸಿ ಆಚೆಯಿದ್ದ ಶಿಷ್ಯನ ದನಿಯನ್ನು ಕೇಳಿಸುತ್ತಿದ್ದ. ಒಬ್ಬರು ಹೇಳಿ ಮುಗಿಸುವವರೆಗೆ ಇನ್ನೊಬ್ಬರು ಕಾಯಬೇಕು. ಶೇಖ್ ಸೋಫಾದ ಅಂಚಿನಲ್ಲಿ ಕೂತು, ರಿಸೀವರನ್ನು ಮೆಕ್ಯಾನಿಕ್‌ನ ಕಿವಿಗೂ ತಾಗುವಂತೆ ಓರೆ ಹಿಡಿದಿದ್ದರು. ಸೊಮಾಲಿ ಮಾತು ನನಗೆ ತಿಳಿಯದು. ಮುಗಿದ ಮೇಲೆ ಶೇಖ್ ನನಗೂ ಗೊತ್ತಾಗಲಿ ಎಂದು ಅರಬಿಯಲ್ಲಿ ಹೇಳಿದರು: "ಅವನು ಅಮಾನ್ ಕೊಟ್ಟಿದ್ದಾನೆ. ಆ ತಾಯಿಯ ಜೀವ ಅವನ ಕುತ್ತಿಗೆಯ ಮೇಲೆ, ಅವನ ಮಾತು ನನ್ನ ಕುತ್ತಿಗೆಯ ಮೇಲೆ." ಅಮಾನ್ ಎಂದರೆ ಅಭಯ. ಮೆಕ್ಯಾನಿಕ್ ಬಗ್ಗಿ ಅವರ ಕೈಗೆ ಮುತ್ತಿಟ್ಟ.

ಮುಂದಿನ ವಾರವೇ ಸುದ್ದಿ ಬಂತು. ಅದು ನಮ್ಮ ಫೋನಿಗೆ ಬರಲಿಲ್ಲ, ಅವನ ಕುಲದ ಹಿರಿಯರ ಕಡೆಯಿಂದ ಬಂತು. ಅವರು ಗುಂಪಾಗಿ ಮೆಟ್ಟಿಲು ಹತ್ತಿ ಬಂದು ಎದುರು ಮನೆಯಲ್ಲಿ ಕೂತರು. ದಾರಿಯಲ್ಲಿ ಗಾಡಿಯನ್ನು ಅಡ್ಡಗಟ್ಟಿ ತಾಯಿಯನ್ನೂ ಗಾಡಿ ತಂದ ಶಿಷ್ಯನನ್ನೂ ಕೊಂದಿದ್ದರು. ತಂಗಿ ಬದುಕಿ ತಿರುಗಿ ಪೇಟೆ ಸೇರಿದ್ದಳು. "ಶೇಖರ ಕುಲದವರೇ ಮಾಡಿದ್ದು, ಆ ಶಿಷ್ಯ ಕರೆದೊಯ್ದು ಒಪ್ಪಿಸಿದ," ಎಂದು ಹಿರಿಯರು ಹೇಳಿದರು. ಹಾಗಾದರೆ ಆ ಶಿಷ್ಯನೂ ಯಾಕೆ ಸತ್ತ ಎಂದು ನಾನು ಕೇಳಿದೆ. ಲೂಟಿಯ ಪಾಲಿನ ಜಗಳ ಇರಬಹುದು ಎಂದು ಒಬ್ಬರು ನನ್ನ ಮುಖ ನೋಡದೆ ಹೇಳಿದರು. ಮೆಕ್ಯಾನಿಕ್ ಗೋಡೆಗೆ ತಲೆಯಾನಿಸಿ ಕೂತಿದ್ದ. ನನ್ನ ಹೆಂಡತಿ ಗಂಜಿ ಮಾಡಿ ಕೊಟ್ಟದ್ದು ಹಾಗೇ ತಣ್ಣಗಾಯಿತು.

ಆ ಸಂಜೆಯಿಂದ ಅವನು ಶೇಖರ ಹಿಂದೆ ನಮಾಝ್ ಮಾಡಲಿಲ್ಲ. ಅವನ ಕುಲದವರು ಒಬ್ಬೊಬ್ಬರಾಗಿ ಬೇರೆ ಮಸೀದಿ ಹಿಡಿದರು. ಸಾಲುಗಳು ಸಡಿಲವಾದವು. ಅದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಅದುವರೆಗೆ ಅತ್ತ ತಲೆ ಹಾಕದ ಶೇಖರ ಕುಲದವರು ದಂಡಾಗಿ ಬಂದು ಮೊದಲ ಸಾಲಿನಲ್ಲಿ ನಿಲ್ಲತೊಡಗಿದರು. ಇವರು ನಮ್ಮವರು, ಯಾರು ಮುಟ್ಟುತ್ತಾರೋ ನೋಡೋಣ ಎಂಬ ಠೀವಿ ಅವರದು. ಶೇಖ್ ಸಲಾಂ ಮುಗಿಸಿ ತಿರುಗಿದಾಗ ಆ ಮುಖಗಳನ್ನು ನೋಡಲಾರದೆ ಕಣ್ಣು ತಗ್ಗಿಸುತ್ತಿದ್ದರು. ಇಷ್ಟು ವರ್ಷ ಬೇಡವೆಂದು ದೂರವಿಟ್ಟ ಕುಲ ಅವರನ್ನು ಮಸೀದಿಯೊಳಗೇ ಬಂದು ಹಿಡಿದಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೆ ನಾನು ಯಾರು ಅವರಿಗೆ? ಇಂಡಿಯಾದ ಅಂಗಡಿಯವನು.

ಕೆಲವು ತಿಂಗಳಾದ ಮೇಲೆ ತಂಗಿಗೆ ವೀಸಾ ಸಿಕ್ಕಿ ದೋಹಾಕ್ಕೆ ಬಂದಳು. ಅಣ್ಣನ ಕುಲದ ಹಿರಿಯರೇ ಅವಳನ್ನು ಬೇರೆ ದಾರಿಯಲ್ಲಿ ಸಾಗಿಸಿ ವಿಮಾನ ಹತ್ತಿಸಿದ್ದರು. ಮಾತು ಕಡಿಮೆಯ ಹುಡುಗಿ. ಹಗಲು ಅಣ್ಣ ಕೆಲಸಕ್ಕೆ ಹೋದ ಮೇಲೆ ನಮ್ಮ ಅಡುಗೆಮನೆಗೆ ಬಂದು ಹೆಂಡತಿಯ ಜೊತೆ ಅಕ್ಕಿ ಆರಿಸುತ್ತಾ ಕೂರುತ್ತಿದ್ದಳು. ಇಬ್ಬರದೂ ಮುರುಕು ಅರಬಿ, ಉಳಿದದ್ದು ಕೈಸನ್ನೆ.

ಅವಳು ಬಂದದ್ದು ಕೇಳಿ ಶೇಖ್ ನನ್ನನ್ನು ಮಸೀದಿಯಲ್ಲಿ ನಿಲ್ಲಿಸಿದರು. "ನಿನ್ನ ಮನೆಯಲ್ಲಿ ಒಮ್ಮೆ ಅವನನ್ನು ನೋಡಬೇಕು. ಅವನ ಮನೆಗೆ ಹೋಗುವ ಮುಖ ನನಗಿಲ್ಲ," ಎಂದರು. ಅವರು ಕೆಲಸ ಬಿಟ್ಟಿದ್ದರು. ಮರುದಿನ ಹೊರಡುವವರಿದ್ದರು, ಬೇರೆಲ್ಲಿಗೂ ಅಲ್ಲ, ಆ ಯುದ್ಧದ ಊರಿಗೇ.

ಮೆಕ್ಯಾನಿಕ್ ಬರಲು ಒಪ್ಪಿದ. ನಮ್ಮ ಚಾವಡಿಯಲ್ಲಿ ಎದುರುಬದುರು ಕೂತರು. ಶೇಖ್ ಎದ್ದು ಅವನ ಮುಂದೆ ನೆಲದ ಮೇಲೆ ಕೂತರು. ಅಷ್ಟು ದೊಡ್ಡವರು ಹಾಗೆ ಕೂತದ್ದು ನೋಡಿ ನಾನು ಎದ್ದು ನಿಂತೆ. ನನ್ನನ್ನು ಸಾಕ್ಷಿಯಾಗಿಸಬೇಕೆಂದೋ ಏನೋ, ಅವರು ಅರಬಿಯಲ್ಲೇ ಮಾತಾಡಿದರು.

"ನನ್ನ ಮಾತು ನಂಬಿ ನಿನ್ನ ತಾಯಿ ಹೋದರು. ನನ್ನ ರಕ್ತದವರು ಕೊಂದರು. ನಾನು ಹೋಗಿ ನನ್ನ ಕುಲದ ಸಭೆಯಲ್ಲಿ ನಿಲ್ಲುತ್ತೇನೆ. ಒಪ್ಪಿಕೊಳ್ಳಿ, ಸತ್ತವರ ಮನೆಗೆ ಪರಿಹಾರದ ಒಂಟೆ ಕೊಡಿ ಎಂದು ಕೇಳುತ್ತೇನೆ. ಕೊಡದಿದ್ದರೆ ಅಲ್ಲೇ ಅವರ ಬಾಗಿಲಲ್ಲಿ ಉಪವಾಸ ಬೀಳುತ್ತೇನೆ. ಅದಕ್ಕೆ ಮೊದಲು ನೀನು ಸಾಮಿಹ್ನಿ, ನನ್ನನ್ನು ಕ್ಷಮಿಸು."

ಅಡುಗೆಮನೆಯಲ್ಲಿ ಏನೋ ಪಾತ್ರೆ ಬಿದ್ದ ಸದ್ದಾಯಿತು. ಆಮೇಲೆ ಮೆಕ್ಯಾನಿಕ್, "ಕ್ಷಮಿಸಿದ್ದೇನೆ ಶೇಖ್," ಎಂದ. ಶೇಖ್ ಅವನ ಎರಡು ಕೈಗಳನ್ನು ಹಿಡಿದುಕೊಂಡು ಅತ್ತರು. ಗಂಡಸು ಹಾಗೆ ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವರನ್ನು ಬೀದಿಯ ತುದಿಯವರೆಗೆ ಬಿಟ್ಟು ಬಂದೆ. ಒಳ್ಳೆಯದಾಯಿತು, ಕೊನೆಗೂ ಇಬ್ಬರ ಮನಸ್ಸೂ ಹಗುರಾಯಿತು ಎಂದುಕೊಂಡೇ ಮೆಟ್ಟಿಲು ಹತ್ತಿದೆ.

ಬಾಗಿಲಲ್ಲೇ ಹೆಂಡತಿ ನಿಂತಿದ್ದಳು. ಅವಳ ಮುಖ ಸುಣ್ಣವಾಗಿತ್ತು. ಒಳಗೆ ತಂಗಿ ನೆಲದ ಮೇಲೆ ಕೂತು ಬಿಕ್ಕುತ್ತಿದ್ದಳು. ಚಾವಡಿಯ ಮಾತೆಲ್ಲ ಅವಳಿಗೆ ಕೇಳಿಸಿತ್ತು, ಪಾತ್ರೆ ಬೀಳಿಸಿದವಳೂ ಅವಳೇ.

"ಅಮ್ಮನನ್ನು ಕೊಂದದ್ದು ಶೇಖರ ಕಡೆಯವರು ಅಲ್ವಂತೆ. ಇವರದ್ದೇ ಕುಲದವರಂತೆ," ಎಂದಳು ನನ್ನ ಹೆಂಡತಿ.

ಗಾಡಿ ಇನ್ನೂ ಅವರ ಕುಲದ ಗಡಿ ದಾಟಿರಲೇ ಇಲ್ಲ. ಕೊನೆಯ ತಡೆಗಂಬದ ಹತ್ತಿರ ಅವರದ್ದೇ ಹುಡುಗರು ನಿಲ್ಲಿಸಿದರು. ಹಿರಿಯರ ಗಾಡಿ ಬೇಡವೆಂದು ಶತ್ರುವಿನ ಗಾಡಿ ಹತ್ತಿದಿರಾ ಎಂದು ಕೂಗಾಡಿ, ಶಿಷ್ಯನನ್ನು ಕೆಳಗೆಳೆದರು. ತಾಯಿ ಇಳಿದು ಅಡ್ಡ ನಿಂತಳು. ತಾನು ಯಾರ ಮಗಳು, ಯಾರ ಮೊಮ್ಮಗಳು ಎಂದು ತಲೆಮಾರುಗಳನ್ನು ಹೇಳಿದಳು. ಬಂದೂಕು ಹಿಡಿದವರಲ್ಲಿ ಒಬ್ಬನನ್ನು ಗುರುತಿಸಿ, "ನಿನಗೆ ಹಾಲೆರೆದವಳು ನಾನು," ಎಂದಳು. ಗುರುತಿಸಿದ್ದಕ್ಕೇ ಅವಳನ್ನು ಉಳಿಸಲಿಲ್ಲ. ತಂಗಿಯನ್ನು ಬಿಟ್ಟರು, ಏನು ಹೇಳಬೇಕೆಂದು ಹೇಳಿಕೊಟ್ಟು ಬಿಟ್ಟರು. ದೋಹಾಕ್ಕೆ ಬಂದ ದಿನವೇ ಅವಳು ಅಣ್ಣನಿಗೆ ನಿಜ ಹೇಳಿದ್ದಳು.

ನಮ್ಮಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತಾರೆ. ಅದನ್ನು ಆ ದಿನ ಕಣ್ಣೆದುರು ಕಂಡೆ. ಸಿಟ್ಟು ನೆತ್ತಿಗೇರಿತು. ಎದುರು ಮನೆಗೆ ನುಗ್ಗಿದೆ. ಅವನು ದೀಪ ಹಾಕದೆ ಕೂತಿದ್ದ.

"ಗೊತ್ತಿದ್ದೂ ಕ್ಷಮಿಸಿದೆಯಾ? ಅವರು ತಪ್ಪು ಮಾಡಿದವರ ಹಾಗೆ ನಿನ್ನ ಕಾಲ ಬುಡದಲ್ಲಿ ಕೂತಾಗ ನಿನಗೆ ನಾಚಿಕೆಯಾಗಲಿಲ್ವಾ? ಯಲ್ಲಾ, ಏಳು. ವಿಮಾನ ನಾಳೆ ಉಂಟು, ನಾನೇ ಕಾರಿನಲ್ಲಿ ಕರೆದುಕೊಂಡು ಹೋಗ್ತೇನೆ. ಹೋಗಿ ಹೇಳು."

ಅವನು ಏಳಲಿಲ್ಲ. "ನನ್ನ ತಮ್ಮಂದಿರಿಬ್ಬರು ಇನ್ನೂ ಅಲ್ಲೇ ಇದ್ದಾರೆ ಭಾಯಿ," ಎಂದ. "ನಮ್ಮ ಕುಲದವರ ನೆರಳಿನಲ್ಲಿ ಇದ್ದಾರೆ. ನಾನು ಇಲ್ಲಿ ಬಾಯಿ ಬಿಟ್ಟರೆ ಅಲ್ಲಿ ಅವರು ಉಳಿಯುವುದಿಲ್ಲ. ಶೇಖರಿಗೆ ಅಲ್ಲಾಹ್ ಇದ್ದಾನೆ. ನನ್ನ ತಮ್ಮಂದಿರಿಗೆ ಇವರೇ ಇರುವುದು. ನೀನು ಹೇಳಿದರೂ ನಾನು ಸುಳ್ಳು ಎನ್ನುತ್ತೇನೆ. ಖಲಾಸ್."

ನಾನು ಬಾಯಿಗೆ ಬಂದಂತೆ ಬೈದೆ. ಅವನು ಎಲ್ಲವನ್ನೂ ಕೇಳಿಸಿಕೊಂಡ. ಬೆಳಿಗ್ಗೆ ಸುಬಹ್ ನಮಾಝಿಗೆ ಮೊದಲೇ ನಾನು ಶೇಖರ ಕೋಣೆಗೆ ಹೋದೆ, ಅವರನ್ನು ಕೂರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕೊನೆಯವರೆಗೆ ಕೇಳಿ, ನನ್ನ ತಲೆಯ ಮೇಲೆ ಕೈಯಿಟ್ಟರು. "ನನ್ನ ಭಾರ ಇಳಿಸಬೇಕೆಂದು ಇದನ್ನು ಕಟ್ಟಿದ್ದೀಯ. ನಿನ್ನ ಮನಸ್ಸು ಒಳ್ಳೆಯದು, ಮಗನೇ. ಆದರೆ ತಾಯಿಯನ್ನು ಕಳೆದುಕೊಂಡವನೇ ನನ್ನ ಮುಂದೆ ಕೂತು ಕ್ಷಮಿಸಿದ್ದಾನೆ. ತಪ್ಪಿಲ್ಲದವನನ್ನು ಯಾರಾದರೂ ಕ್ಷಮಿಸುತ್ತಾರೆಯೇ?" ಎಂದು, ಚೀಲ ಎತ್ತಿಕೊಂಡು ಹೊರಟರು.

ಅವರು ಹೇಳಿದ ಹಾಗೆಯೇ ಮಾಡಿದರು. ತಮ್ಮ ಕುಲದ ಸಭೆಯಲ್ಲಿ ನಿಂತರು. ನಾವಲ್ಲ ಎಂದು ಅವರ ಹಿರಿಯರು ಕುರ್‌ಆನ್ ಮುಟ್ಟಿ ಆಣೆಯಿಟ್ಟರಂತೆ. ಶೇಖ್ ನಂಬಲಿಲ್ಲ. ಅವರ ಬಾಗಿಲಲ್ಲಿ ಉಪವಾಸ ಬಿದ್ದರು. ನಮ್ಮ ಶೇಖ್ ಬಾಗಿಲಲ್ಲಿ ಸತ್ತರು ಎಂಬ ಹೆಸರು ಬೇಡವೆಂದು ಆ ಕುಲದವರು ಕೊನೆಗೆ ತಾವು ಮಾಡದ ಕೊಲೆಗೆ ಒಂಟೆ ಕೊಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಷ್ಟು ಹೊತ್ತಿಗೆ ಶೇಖರ ದೇಹ ತೀರಾ ಸೋತುಹೋಗಿತ್ತು. ಅವರು ಮತ್ತೆ ಏಳಲಿಲ್ಲ ಎಂಬ ಸುದ್ದಿಯೂ ಒಂಟೆಗಳ ಸುದ್ದಿಯೂ ಒಟ್ಟಿಗೇ ಬಂದವು.

ಶುಕ್ರವಾರ ಎದುರು ಮನೆಗೆ ಹಿರಿಯರೆಲ್ಲ ಬಂದರು. ಹಲ್ವಾ ತಂದಿದ್ದರು. ಶತ್ರು ತಪ್ಪೊಪ್ಪಿಕೊಂಡ, ಕುಲದ ಮಾನ ಉಳಿಯಿತು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಮೆಕ್ಯಾನಿಕ್ ಅವರ ನಡುವೆ ತಲೆ ತಗ್ಗಿಸಿ ಕೂತು ಎಲ್ಲರಿಗೂ ಚಹಾ ಬಗ್ಗಿಸುತ್ತಿದ್ದ. ನನ್ನನ್ನೂ ಕರೆದಿದ್ದರು, ನಾನು ಬಾಗಿಲಲ್ಲೇ ನಿಂತಿದ್ದೆ.

ಒಳಗಿನಿಂದ ತಂಗಿ ಬಂದಳು. ಗಂಡಸರ ನಡುವೆ ಅವಳು ಹಾಗೆ ಬರುವವಳಲ್ಲ. ಅಣ್ಣನ ಮುಂದೆ ನಿಂತು ಏನೋ ಕೇಳಿದಳು. ಅವನು ಅವಳಿಗೆ ಉತ್ತರ ಕೊಟ್ಟ. ಅವಳು ತಿರುಗಿ ಒಳಗೆ ಹೋದಳು.

ಎಲ್ಲರೂ ಹೋದ ಮೇಲೆ, ಅವಳೇನು ಕೇಳಿದಳು ಎಂದೆ.

"ಅಮ್ಮನ ಜೀವಕ್ಕೆ ಬಂದ ಒಂಟೆಗಳನ್ನು ಈಗ ಯಾರು ಮೇಯಿಸುತ್ತಿದ್ದಾರೆ ಅಂತ ಕೇಳಿದಳು," ಎಂದ.

"ಯಾರು?"

"ಅದೇ ತಡೆಗಂಬದ ಹುಡುಗರು," ಎಂದು ಅವನು ಖಾಲಿ ಲೋಟಗಳನ್ನು ಒಂದರೊಳಗೊಂದು ಇಡತೊಡಗಿದ.