ನವಿಲುಬಣ್ಣದ ವ್ಯೂವರ್

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದವನು ನಾನು. ನೋಡಲು ಚೆನ್ನಾಗಿರುವುದೆಲ್ಲ ಒಳ್ಳೆಯದೇ ಇರಬೇಕೆಂದು ನಂಬುವ ಕೆಟ್ಟ ಚಾಳಿ ಆಗಿನಿಂದ ಅಂಟಿಕೊಂಡಿದೆ. ಫೋನಿನಲ್ಲಿ ಪಿಡಿಎಫ್ ತೆರೆಯಲು ವ್ಯೂವರ್ ಆರಿಸಿಕೊಂಡದ್ದೂ ಹಾಗೆಯೇ. ಹತ್ತಾರು ಆ್ಯಪ್‌ಗಳ ಸಾಲಿನಲ್ಲಿ ಅದೊಂದೇ ನವಿಲುಬಣ್ಣದ್ದಾಗಿತ್ತು. ರಬಕವಿಯ ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ ಆ ಬಣ್ಣ ಕಂಡರೆ ಕೈ ತಾನಾಗಿ ಮುಂದೆ ಹೋಗುತ್ತದೆ. ಹಾಕಿಕೊಳ್ಳುವಾಗ ಅದು ಏನೇನೋ ಕೇಳಿತು. ಓದುವ ಗೋಜಿಗೆ ಹೋಗದೆ ಎಲ್ಲದಕ್ಕೂ ಆಗಲಿ, ಆಗಲಿ ಎಂದು ಒತ್ತಿದೆ. ಮನೆಗೆ ಬಂದವರು ಬಾಯಿಬಿಟ್ಟು ಕೇಳಿದರೆ ಇಲ್ಲ ಎನ್ನಲಾಗದ ಜನ ನಾವು.

ಹೀಗೆ ಎರಡು ವರ್ಷ ಸುಖವಾಗಿದ್ದೆ. ಆಮೇಲೆ ಮದುವೆಯ ಕರೆಯೋಲೆ ಬಂತು.

ಬಂದದ್ದು ನನ್ನ ಹೆಂಡತಿ ಕಸ್ತೂರಿಯ ಫೋನಿಗೆ. ಕಳಿಸಿದವರು ಬೀಳಗಿಯಲ್ಲಿ ಬಳೆ ಅಂಗಡಿ ಇಟ್ಟಿರುವ ಅವಳ ಅಣ್ಣ. ಸಕುಟುಂಬ ಬರಬೇಕೆಂಬ ಒಕ್ಕಣೆ, ಅದರ ಕೆಳಗೊಂದು ಫೈಲು. ತೆರೆಯಲು ಹೋದರೆ, ಪತ್ರಿಕೆ ನೋಡಲು ಮೊದಲು ಈ ವ್ಯೂವರ್ ಹಾಕಿಕೊಳ್ಳಿ ಎಂದಿತು. ನಾನು ಬಲ್ಲವನ ಗತ್ತಿನಲ್ಲಿ, "ಒತ್ತು, ಹೊಸಾ ನಮೂನಿದು ಇರಬೇಕು" ಎಂದೆ. ಅವಳು ಒತ್ತಲಿಲ್ಲ. ತನಗೆ ಹೇಳದೆ ತವರಿನಲ್ಲಿ ಮದುವೆ ಗೊತ್ತಾಗಿದೆ ಎಂಬ ಸಿಟ್ಟಿಗೆ ನೇರವಾಗಿ ಅಣ್ಣನ ಹೆಂಡತಿಗೇ ಫೋನು ಹಚ್ಚಿದಳು.

"ವೈನಿ, ಯಾರ ಮದುವಿರಿ? ನಮಗ ಒಂದ ಮಾತ ಹೇಳಲಿಲ್ಲಲ್ಲ?"

ಆ ಕಡೆಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು. "ಯಾರ ಮದುವಿನೂ ಇಲ್ಲ ಬೇ! ಇರಾಕಿ ಒಬ್ಬಾಕಿ ಮಗಳು, ಆಕಿ ಇನ್ನ ಏಳನೇ ಕ್ಲಾಸ್. ನಿಮ್ಮಣ್ಣ ನಿನ್ನೆ ಯಾರದೋ ಪತ್ರಿಕಿ ಅಂತ ಏನೋ ಒತ್ಯಾರ. ಮುಂಜಾನಿಂದ ಫೋನ್ ಅವರ ಮಾತ ಕೇಳವಲ್ದು, ಊರಿಗೆಲ್ಲ ತಾನ ಪತ್ರಿಕಿ ಹಂಚಾಕತ್ತೈತಿ. ತುಬಚಿ ಕಾಕಾ ಆಗಲೇ ಬಸ್ ಹತ್ಯಾರಂತ!"

ತುಬಚಿ ಹಳ್ಳಿಯ ಕಾಕಾ ಕಾಯಿ, ಕುಬಸದ ಬಟ್ಟೆ ಹಿಡಿದು ಬೀಳಗಿಗೆ ಬಂದೇಬಿಟ್ಟರು. ಊಟ ಹಾಕಿ, ಎಲ್ಲ ವಿವರಿಸಿ ಕಳಿಸಿದರಂತೆ. ಭಾವನ ಫೋನನ್ನು ಮಾತ್ರ ಪೂರ್ತಿ ಅಳಿಸಿ ಹೊಸದು ಮಾಡಬೇಕಾಯಿತು. ಮಗಳು ಮೊದಲು ಹೆಜ್ಜೆ ಇಟ್ಟಾಗ ತೆಗೆದ ವಿಡಿಯೊ ಅದರಲ್ಲಷ್ಟೇ ಇತ್ತು, ಅದೂ ಹೋಯಿತು.

ಕಸ್ತೂರಿ ನನಗೆ "ಒತ್ತು ಅಂದಿದ್ರಿ" ಎಂದಷ್ಟೇ ಹೇಳಿ ರೊಟ್ಟಿ ಬಡಿಯಲು ಹೋದಳು.

ನಾನು ಜಗುಲಿಯಲ್ಲಿ ಕುಳಿತು ನನ್ನ ನವಿಲುಬಣ್ಣದ ಗೆಳೆಯನಿಗೆ ಏನೇನು ಕೊಟ್ಟಿದ್ದೇನೆಂದು ಹುಡುಕಿದೆ. ನಾನು ಎಲ್ಲಿದ್ದೇನೆ ಎಂಬುದನ್ನು ತಿಳಿಯುವ ಹಕ್ಕು ಅದಕ್ಕಿತ್ತು. ಬಂಧುಬಳಗದ ನಂಬರುಗಳ ಪಟ್ಟಿ ಕೊಟ್ಟಿದ್ದೆ. ಮೈಕು ಕೂಡ ಕೊಟ್ಟಿದ್ದೆ! ಹಾಳೆ ತೋರಿಸಬೇಕಾದವನಿಗೆ ನನ್ನ ದನಿಯಿಂದ ಏನಾಗಬೇಕು? ಭಯಕ್ಕಿಂತ ಕುತೂಹಲವೇ ಹೆಚ್ಚಾಯಿತು.

ನಮ್ಮ ಹಿರಿಯರು ಕಡತ ಎನ್ನುತ್ತಿದ್ದದ್ದು ಕಚೇರಿಯ ಫೈಲನ್ನಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಚಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವದು. ಅದರಲ್ಲಿ ಸುಳ್ಳು ಬರೆದಿರಬಹುದು, ಗೆದ್ದಲು ಹಿಡಿದಿರಬಹುದು. ಆದರೆ ಬಿಚ್ಚಿದವರ ಅಣ್ಣತಮ್ಮಂದಿರು ಯಾರೆಂದು ವಿಚಾರಿಸಿದ ಕಡತ ಒಂದೂ ಇರಲಿಕ್ಕಿಲ್ಲ.

ಮರುದಿನ ಜಮಖಂಡಿಗೆ ಹೋದೆ. ಅಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಮಹಾದೇವಿ ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ; ಗುಲಾಬಿ ಬರಿ ಎಂದರೆ ಎಲೆಕೋಸು ಬರೆಯುತ್ತಿದ್ದಳು. ಈಗ ನನ್ನ ಫೋನು ನೋಡಿ ಅವಳು ಮುಖ ಕಿವುಚಿದ ರೀತಿ, ಆಗ ನಾನು ಅವಳ ಗುಲಾಬಿ ನೋಡಿ ಮಾಡಿದಂತೆಯೇ ಇತ್ತು.

"ಯಾವ ವ್ಯೂವರ್ ಛಲೋ, ಹೇಳವಾ" ಎಂದೆ.

"ಮೊದಲ ನೀವ್ ಹೇಳ್ರಿ ಸರ. ಪಿಡಿಎಫ್ ತಗೊಂಡು ಏನ್ ಮಾಡ್ತೀರಿ? ಸಹಿ ಮಾಡ್ತೀರೋ, ತಿದ್ದತೀರೋ, ಬರೇ ನೋಡ್ತೀರೋ?"

"ಬರೇ ನೋಡತೀನಿ."

"ಹಂಗಾದ್ರ ನೋಡೂದ ಬಿಟ್ಟು ಬ್ಯಾರೆ ಏನೂ ಬರಲಾರದ್ದು ಇಟ್ಕೋರಿ. ಕೆಲವು ಫೈಲಿನ್ಯಾಗ ಇದನ್ನ ಮಾಡು, ಅದನ್ನ ಮಾಡು ಅಂತ ಒಳಗ ಅಪ್ಪಣಿ ಬರದಿರತಾರ. ಎಲ್ಲಾ ಬರೂ ವ್ಯೂವರ್ ಕೇಳಿಬಿಡತೈತಿ. ಏನೂ ಬರಲಾರದ್ದು ಸುಮ್ಮ ಹಾಳಿ ತೋರಸತೈತಿ. ಫೋನಿನ ಜೋಡಿ ಬಂದದ್ದ ಐತಿ ನೋಡ್ರಿ, ಸಾಕು. ಆದ್ರ ಅಪ್ಡೇಟ್ ಬಂದ್ರ ನಾಳೆ ಅನಬ್ಯಾಡ್ರಿ."

ಎಲ್ಲ ಬಲ್ಲವನಿಗಿಂತ ಒಂದೇ ಕೆಲಸ ಬಲ್ಲವನು ನಂಬಿಕಸ್ಥ! ಈ ವಿಚಾರವನ್ನು ಸವಿಯುತ್ತಿರುವಾಗಲೇ ಮಹಾದೇವಿ ಹುಬ್ಬು ಗಂಟಿಕ್ಕಿದಳು. "ಸರ, ನೀವ್ ತೆರದ ಹಾಳಿ ಎಲ್ಲಾ ಇದು ಇಂಟರ್ನೆಟ್ಟಿನ್ಯಾಗ ಎಲ್ಲೋ, ಯಾರದೋ ಕಂಪ್ಯೂಟರಿನ್ಯಾಗ ಒಂದೊಂದ ಪ್ರತಿ ಇಡಾಕತ್ತಿತ್ತು. ಆಗಲಿ ಅಂತ ನೀವ ಒತ್ತೀರಿ."

ನಾನು ತೆರೆಯುತ್ತಿದ್ದದ್ದು ಅಪ್ಪನ ಹಾಳೆಗಳನ್ನು. ಅಪ್ಪ ಸೀರೆಯ ದಡಿಗೆ, ಎಂದರೆ ಅಂಚಿಗೆ, ವಿನ್ಯಾಸ ಬರೆಯುತ್ತಿದ್ದವರು. ಗ್ರಾಫ್ ಹಾಳೆಯ ಒಂದು ಚೌಕಕ್ಕೆ ಒಂದು ಎಳೆ. ಬರೆಯುವಾಗ ಯಾರಾದರೂ ಒಳಗೆ ಬಂದರೆ ಹಾಳೆ ಬೋರಲಾಗುತ್ತಿತ್ತು, ಅದು ನಾನಾದರೂ ಸರಿ. ಅಪ್ಪ ತೀರಿಕೊಂಡ ಮೇಲೆ ಇನ್ನೂರು ಹಾಳೆಗಳನ್ನು ನಾನೇ ಸ್ಕ್ಯಾನ್ ಮಾಡಿ ಫೋನಿಗೆ ಹಾಕಿಕೊಂಡೆ. ಯಾರಿಗೂ ತೋರಿಸದೆ ದಿನಕ್ಕೊಂದು ನೋಡುತ್ತಿದ್ದೆ. ಯಾರಿಗೂ ತೋರಿಸಿಲ್ಲ ಎಂದುಕೊಂಡಿದ್ದೆ, ಅಷ್ಟೆ.

ಮಹಾದೇವಿ ಅಳಿಸುವುದನ್ನೆಲ್ಲ ಅಳಿಸಿದಳು. "ಪೂರ್ತಿ ಹೋತೇನವಾ?" ಎಂದರೆ, "ಅದನ್ನ ಯಾರೂ ಹೇಳಾಕ ಬರಂಗಿಲ್ಲ ಸರ" ಎಂದಳು. ಸುಳ್ಳು ಸಮಾಧಾನ ಹೇಳಲಿಲ್ಲ ಎಂಬುದಕ್ಕೆ ಅವಳ ಮೇಲೆ ಗೌರವ ಬಂತು. ಆದರೆ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅಪ್ಪನ ಮುಖ ನೆನಪಾಗುತ್ತಿತ್ತು.

ಯಾರಿಗಾದರೂ ಹೇಳಿಕೊಳ್ಳಬೇಕಿತ್ತು. ಹಿಂದಿನ ಓಣಿಯಲ್ಲಿ ಈರಪ್ಪಜ್ಜ ಇದ್ದಾರೆ, ಎಂಬತ್ತು ದಾಟಿದವರು, ಅಪ್ಪನ ವಿನ್ಯಾಸಗಳನ್ನು ಕೈಮಗ್ಗದಲ್ಲಿ ನೇಯುತ್ತಿದ್ದವರು. ಒಂದು ಹಾಳೆ ಪ್ರಿಂಟ್ ತೆಗೆಸಿಕೊಂಡು ಅವರ ಮನೆಗೆ ಹೋದೆ. ಗೊತ್ತಿಲ್ಲದವರು ನೋಡಿರಬಹುದಾದದ್ದನ್ನು ಇವರಿಂದ ಮುಚ್ಚಿಡುವುದು ಯಾವ ನ್ಯಾಯ ಎನಿಸಿತು. ನಡೆದದ್ದನ್ನೆಲ್ಲ ಹೇಳಿ ತಲೆ ತಗ್ಗಿಸಿ ಕುಳಿತೆ.

ಅಜ್ಜ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, ಉಗುರಿನಿಂದ ಒಂದೊಂದೇ ಚೌಕ ದಾಟುತ್ತ ಹೋದರು. ಒಂದು ಕಡೆ ಉಗುರು ನಿಂತಿತು. ಭುಜ ಕುಣಿಯುವಂತೆ ನಕ್ಕರು.

"ಮಾಸ್ತರ, ಇದನ್ನ ಕದ್ದಾವ ನೇಯ್ದ್ರ ದಡಿ ಕೂಡಂಗಿಲ್ಲ. ಇಲ್ಲಿ ಎರಡ ಎಳಿ ತಪ್ಪ್ಯಾವ."

"ಅಪ್ಪ ತಪ್ಪು ಬರದಾರ?"

"ಬೇಕಂತನ. ಹಾಳಿಗೊಂದ ತಪ್ಪ ಬರೀತಿದ್ರ. ಖರೇ ಎಣಿಕಿ ಮಗ್ಗದ ಮುಂದ ಕುಂತಾಗ ಬಾಯಿಲೆ ಹೇಳತಿದ್ರ. ನಿಮಗ ಹೇಳಿಲ್ಲೇನು?" ನನ್ನ ಮುಖ ನೋಡಿ ಅವರೇ ಮೆತ್ತಗಾದರು. "ನೀವರೆ ಮಗ್ಗದ ಕಡೆ ಎಲ್ಲಿ ಬರತಿದ್ರಿ."

ಇನ್ನೂರು ಹಾಳೆಗಳನ್ನು ಅಷ್ಟು ದಿನ ಕಣ್ಣಿಗೊತ್ತಿಕೊಂಡು ನೋಡಿದ್ದೆ. ಚಿತ್ರಕಲೆಯ ಮಾಸ್ತರನಿಗೆ ಒಂದೂ ತಪ್ಪು ಕಂಡಿರಲಿಲ್ಲ. ಎಲ್ಲವೂ ನೋಡಲು ಬಹಳ ಚೆನ್ನಾಗಿದ್ದವು.

"ಉಳಿದ ಹಾಳಿ ನೋಡಿದ್ರ ಖರೇ ಎಣಿಕಿ ನಿಮಗ ನೆನಪಾಗತೈತೇನಜ್ಜ?"

"ದಿನಾ ಒಂದ ತರ್ರಿ. ನೋಡೂಣು."

ನಾನು ಆತುರದಲ್ಲಿ ಅಂಗಿಯ ಕಿಸೆಯಿಂದ ಪೆನ್ನು ತೆಗೆದೆ. ಈರಪ್ಪಜ್ಜ ನನ್ನ ಕೈ ಹಿಡಿದರು.

"ಬರಕೋಬ್ಯಾಡ್ರಿ" ಎಂದರು. "ಬರ್ರಿಲ್ಲೆ, ಬೆರಳ ಇಡ್ರಿ. ಎಣಸ್ರಿ."